ಕುಮಟಾ–ಶಿರಸಿ ಬಸ್ಸಿನಲ್ಲಿ ಇಬ್ಬರು ಅಪರಿಚಿತರು: ಮಾತಿಲ್ಲದ ಪ್ರೇಮಕಥೆ ಯಾಕೆ ನಗಿಸುತ್ತದೆ?

ಹನ್ನೆರಡು ನಿಮಿಷದ ಒಂದು ಕಿರುಚಿತ್ರ ಹೀಗಿದೆ ಅಂದುಕೊಳ್ಳಿ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಶಿರಸಿ ಬಸ್ಸು ಹೊರಡಲು ನಿಂತಿದೆ. ಕಿಟಕಿ ಪಕ್ಕ ಒಬ್ಬಳು ಹುಡುಗಿ. ಹುಡುಗನೊಬ್ಬ ಹತ್ತಿ ಖಾಲಿ ಸೀಟು ಹುಡುಕುತ್ತಾನೆ. ಅವಳು ಪಕ್ಕದ ಸೀಟಿನ ಮೇಲಿದ್ದ ಬ್ಯಾಗನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾಳೆ. ಅವನು ಕೂರುತ್ತಾನೆ. ಬಸ್ಸು ಕತಗಾಲ ದಾಟುತ್ತದೆ, ದೇವಿಮನೆ ಘಾಟಿ ಹತ್ತುತ್ತದೆ. ಇಬ್ಬರೂ ಒಂದು ಮಾತೂ ಆಡುವುದಿಲ್ಲ. ಆದರೆ ನೋಡುತ್ತಿರುವ ನಮಗೆ ಮಾತ್ರ ಇಬ್ಬರ ತಲೆಯೊಳಗಿನ ಮಾತೂ ಕೇಳುತ್ತಿರುತ್ತದೆ.

ಇಷ್ಟೇ ಕಥೆ. ಹಾಡಿಲ್ಲ, ಹೊಡೆದಾಟ ಇಲ್ಲ, ಖಳನಾಯಕನೂ ಇಲ್ಲ. ಆದರೂ ಇದರಲ್ಲಿ ಒಳ್ಳೆಯ ಹಾಸ್ಯಚಿತ್ರಕ್ಕೆ ಬೇಕಾದ್ದೆಲ್ಲ ಇದೆ. ಯಾಕೆಂದರೆ ಒಬ್ಬರ ಮೇಲೆ ಮನಸ್ಸಾದಾಗ ನಾವು ಯೋಚಿಸುವ ರೀತಿಯಲ್ಲೇ ಒಂದು ವಿಚಿತ್ರ ಇದೆ. ನಮ್ಮ ಮೌನವನ್ನು ನಾವು ಅಳೆಯುವುದು ಒಂದು ಅಳತೆಯಲ್ಲಿ, ಎದುರಿಗಿರುವವರ ಮೌನವನ್ನು ಅಳೆಯುವುದು ಇನ್ನೊಂದು ಅಳತೆಯಲ್ಲಿ. ಇದು ಸುಮ್ನೆ ಹೇಳುವ ಮಾತಲ್ಲ. ಮನಃಶಾಸ್ತ್ರಜ್ಞರು ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ.

ಒಂದೇ ಮೌನ, ಎರಡು ಕಾರಣ

1996ರಲ್ಲಿ ಜಾಕಿ ವೊರಾವರ್ ಮತ್ತು ರೆಬೆಕಾ ರಾಟ್ನರ್ ಎಂಬ ಸಂಶೋಧಕರು ಸರಳವಾದ ಪ್ರಶ್ನೆ ಕೇಳಿದರು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಆಸಕ್ತಿ ಇರುತ್ತದೆ. ಆದರೂ ಯಾರೂ ಮೊದಲ ಹೆಜ್ಜೆ ಇಡುವುದಿಲ್ಲ. ಯಾಕೆ?

ಉತ್ತರ ಇದು. 'ನೀವು ಯಾಕೆ ಮಾತಾಡಲಿಲ್ಲ?' ಎಂದು ಕೇಳಿದರೆ ಜನ 'ಭಯ ಆಯ್ತು, ಬೇಡ ಅಂದುಬಿಟ್ಟರೆ?' ಅನ್ನುತ್ತಾರೆ. 'ಹಾಗಾದರೆ ಅವರು ಯಾಕೆ ಮಾತಾಡಲಿಲ್ಲ?' ಎಂದು ಕೇಳಿದರೆ ಅದೇ ಜನ 'ಅವರಿಗೆ ಆಸಕ್ತಿ ಇಲ್ಲ, ಅದಕ್ಕೆ' ಅನ್ನುತ್ತಾರೆ. ನಡೆದದ್ದು ಎರಡೂ ಕಡೆ ಒಂದೇ. ಇಬ್ಬರೂ ಸುಮ್ಮನೆ ಕೂತಿದ್ದರು. ನನ್ನ ಮೌನಕ್ಕೆ ಕಾರಣ ಹೆದರಿಕೆ, ನಿನ್ನ ಮೌನಕ್ಕೆ ಕಾರಣ ನಿರಾಸಕ್ತಿ. ಅವರಿಗೂ ನನ್ನ ಹಾಗೇ ಭಯ ಇರಬಹುದು ಎಂಬುದು ಹೊಳೆಯುವುದೇ ಇಲ್ಲ.

ನಮ್ಮ ಬಸ್ಸಿನಲ್ಲಿ ಇದು ಹೇಗೆ ಕೇಳಬಹುದು ನೋಡಿ. ಹುಡುಗನ ತಲೆಯೊಳಗೆ: 'ಮಾತಾಡಿಸಬೇಕು. ಏನಂತ? ಕಿಟಕಿ ಆಚೆ ನೋಡ್ತಾ ಇದ್ದಾಳೆ. ನನ್ನ ಕಡೆ ತಿರುಗುವ ಮನಸ್ಸೇ ಇಲ್ಲ ಅನ್ನಿಸುತ್ತೆ.' ಹುಡುಗಿಯ ತಲೆಯೊಳಗೆ: 'ಇವನೇ ಏನಾದ್ರೂ ಕೇಳಬಾರದಾ? ನಾನು ತಿರುಗಿದ್ರೆ ನೋಡ್ತಾ ಇದ್ದೆ ಅಂತ ಗೊತ್ತಾಗುತ್ತೆ. ಒಂದು ಮಾತೂ ಇಲ್ಲ. ಬೇರೆ ಸೀಟು ಇಲ್ಲ ಅಂತ ಇಲ್ಲಿ ಕೂತಿರಬೇಕು.' ನಗು ಹುಟ್ಟುವುದು ಇಲ್ಲೇ. ಇಬ್ಬರಿಗೂ ಅರ್ಧ ಅರ್ಧ ಮಾತ್ರ ಗೊತ್ತು, ನಮಗೆ ಪೂರ್ತಿ ಗೊತ್ತು. ಪಾತ್ರಕ್ಕಿಂತ ಪ್ರೇಕ್ಷಕನಿಗೆ ಜಾಸ್ತಿ ಗೊತ್ತಿರುವ ಕಡೆ ಹಾಸ್ಯ ತಾನಾಗಿ ಹುಟ್ಟುತ್ತದೆ.

ಬ್ಯಾಗು, ಫೋನು, ನೆಟ್‌ವರ್ಕು

ಇನ್ನೂ ರಸವತ್ತಾದದ್ದು ಮುಂದಿದೆ. ವೊರಾವರ್ ಮತ್ತು ಅವರ ಜೊತೆಗಾರರು 2003ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ತಿರಸ್ಕಾರದ ಭಯ ಇರುವವರು ಚಿಕ್ಕ ಸೂಚನೆ ಕೊಟ್ಟು, ಅದು ದೊಡ್ಡದಾಗಿ ಕಾಣಿಸಿದೆ ಎಂದು ನಂಬಿಬಿಡುತ್ತಾರೆ ಎಂಬುದು ಅವರಿಗೆ ಸಿಕ್ಕ ವಿಷಯ. ನನ್ನ ಎದೆ ಎಷ್ಟು ಬಡಿದುಕೊಳ್ಳುತ್ತಿದೆ ಅಂತ ನನಗೆ ಗೊತ್ತು. ಹಾಗಾಗಿ ನಾನು ಮಾಡಿದ ಸಣ್ಣ ಕೆಲಸದಲ್ಲೂ ಆ ಬಡಿತ ಎದ್ದು ಕಾಣುತ್ತದೆ ಅಂದುಕೊಳ್ಳುತ್ತೇನೆ. ಎದುರಿನವರಿಗೆ ಕಾಣುವುದು ಆ ಸಣ್ಣ ಕೆಲಸ ಮಾತ್ರ.

ಇದನ್ನು ಬಸ್ಸಿನ ಆ ಒಂದು ಸೀಟಿಗೆ ತನ್ನಿ. ಅವಳು ಬ್ಯಾಗು ತೆಗೆದಳು. ಅವಳ ಲೆಕ್ಕದಲ್ಲಿ ಅದು ದೊಡ್ಡ ಮಾತು. 'ಇಷ್ಟು ಬೇಗ ತೆಗೆದೆ, ಕಾಯ್ತಾ ಇದ್ದೆ ಅಂದುಕೊಂಡನೋ ಏನೋ.' ಅವನಿಗೆ ಕಂಡದ್ದು ಸೀಟು ಖಾಲಿಯಾದದ್ದು ಮಾತ್ರ. ಸ್ವಲ್ಪ ದೂರ ಹೋದ ಮೇಲೆ ಅವನು ಫೋನನ್ನು ಜೇಬಿಗೆ ಹಾಕುತ್ತಾನೆ. ಅವನ ಲೆಕ್ಕದಲ್ಲಿ ಇದು ಪೂರ್ತಿ ಆಹ್ವಾನ. 'ನೋಡು, ಫೋನ್ ಒಳಗಿಟ್ಟೆ. ಇನ್ನು ನನ್ನ ಗಮನ ಎಲ್ಲ ಇಲ್ಲೇ.' ಅವಳು ಅಂದುಕೊಳ್ಳುವುದೇನು? 'ಘಾಟಿ ಶುರು ಆಯ್ತಲ್ವಾ, ನೆಟ್‌ವರ್ಕ್ ಹೋಗಿರಬೇಕು.'

ಈ ಹೊತ್ತಿಗೆ ಹುಡುಗ ತನ್ನ ಕರ್ತವ್ಯ ಮುಗಿಯಿತು ಅಂದುಕೊಂಡಿದ್ದಾನೆ. ಇನ್ನು ಅವಳ ಸರದಿ. ಅವಳು ತನ್ನ ಕರ್ತವ್ಯ ಕುಮಟಾ ಬಸ್‌ಸ್ಟ್ಯಾಂಡಿನಲ್ಲೇ ಮುಗಿಸಿದ್ದಾಳೆ. ಅವನು ಉತ್ತರ ಕೊಡಲಿಲ್ಲ ಅಂತ ಅವಳಿಗೆ ಆಗಲೇ ಬೇಜಾರಾಗಿದೆ. ಇಬ್ಬರೂ ತಾವು ಕೇಳಿಯಾಯಿತು, ಎದುರಿನವರು 'ಇಲ್ಲ' ಅಂದಾಯಿತು ಎಂದು ನಂಬಿ ಕೂತಿದ್ದಾರೆ. ಯಾರೂ ಏನೂ ಕೇಳಿಲ್ಲ, ಯಾರೂ ಏನೂ ಹೇಳಿಲ್ಲ. ಕಿರುಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಗಂಟು ಸಿಗುವುದು ಕಷ್ಟ.

ಇದರ ಹಿಂದೆ ಇನ್ನೂ ಹಳೆಯ ಒಂದು ವಿಷಯ ಇದೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದ್ದು ಅದು. ನಮ್ಮ ಒಳಗಿನ ಭಾವ ಹೊರಗೆ ಸೋರುತ್ತಿದೆ, ಎಲ್ಲರಿಗೂ ಗೊತ್ತಾಗುತ್ತಿದೆ ಎಂದು ನಾವು ನಿಜಕ್ಕಿಂತ ಜಾಸ್ತಿ ಅಂದಾಜು ಮಾಡುತ್ತೇವೆ. ವೇದಿಕೆ ಮೇಲೆ ಕೈ ನಡುಗಿದವರೆಲ್ಲ ಇದನ್ನು ಅನುಭವಿಸಿರುತ್ತಾರೆ. ಕೆಳಗೆ ಕೂತವರಲ್ಲಿ ಹೆಚ್ಚಿನವರು ಆ ನಡುಕವನ್ನು ಗಮನಿಸಿರುವುದಿಲ್ಲ.

ಘಾಟಿಯ ತಿರುವು ಮತ್ತು ಎದೆಬಡಿತ

ಕಥೆಗೆ ಕುಮಟಾ–ಶಿರಸಿ ದಾರಿಯನ್ನೇ ಆರಿಸಿಕೊಳ್ಳಲು ಕಾರಣ ಇದೆ. ಶಿರಸಿಗೆ ರೈಲಿಲ್ಲ. ಕರಾವಳಿಗೆ ಇಳಿದು ಹತ್ತುವವರಿಗೆ ಬಸ್ಸೇ ಗತಿ. ಸುಮಾರು ಅರವತ್ತು ಕಿಲೋಮೀಟರ್ ದಾರಿ. ನಡುವೆ ದೇವಿಮನೆ ಘಾಟಿ. ತಿರುವಿನಲ್ಲಿ ಮೈ ಒಂದು ಕಡೆಗೆ ವಾಲುತ್ತದೆ, ಮುಂದಿನ ಸೀಟಿನ ಕಂಬಿ ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ, ಎದುರಿಂದ ಲಾರಿ ಬಂದರೆ ಒಂದು ಕ್ಷಣ ಉಸಿರು ನಿಲ್ಲುತ್ತದೆ. ಆಗ ಎದೆ ಜೋರಾಗಿ ಬಡಿದುಕೊಂಡರೆ ಅದಕ್ಕೆ ಕಾರಣ ಲಾರಿಯೋ, ಪಕ್ಕದಲ್ಲಿ ಕೂತವರೋ?

ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಯದ್ದೇ. ಕೆನಡಾದ ವ್ಯಾಂಕೋವರ್ ಹತ್ತಿರ ಕ್ಯಾಪಿಲಾನೋ ಎಂಬ ತೂಗುಸೇತುವೆ ಇದೆ. ನದಿಯಿಂದ ಸುಮಾರು 70 ಮೀಟರ್ ಎತ್ತರದಲ್ಲಿ ತೂಗಾಡುತ್ತದೆ. ಅದನ್ನು ದಾಟುವ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಒಂದು ಚಿಕ್ಕ ಕಥೆ ಬರೆಸಿಕೊಂಡು, 'ಹೆಚ್ಚು ತಿಳಿಯಬೇಕಾದರೆ ಫೋನ್ ಮಾಡಿ' ಎಂದು ನಂಬರ್ ಕೊಟ್ಟಳು. ಅದೇ ನದಿಯ ಮೇಲ್ಭಾಗದಲ್ಲಿ ಇದ್ದ, ಅಲುಗಾಡದ ಗಟ್ಟಿ ಸೇತುವೆಯ ಮೇಲೂ ಹೀಗೇ ಮಾಡಿದಳು. ತೂಗುಸೇತುವೆಯಲ್ಲಿ ನಂಬರ್ ಪಡೆದ 18 ಜನರಲ್ಲಿ 9 ಜನ ಫೋನ್ ಮಾಡಿದರು. ಗಟ್ಟಿ ಸೇತುವೆಯಲ್ಲಿ ಪಡೆದ 16 ಜನರಲ್ಲಿ ಇಬ್ಬರು ಮಾತ್ರ. ಭಯಕ್ಕೆ ಬಡಿದ ಎದೆಯನ್ನು ಅವರು ಆಕರ್ಷಣೆ ಅಂದುಕೊಂಡಿರಬೇಕು ಎಂಬುದು ಸಂಶೋಧಕರ ವಾದ.

ಧೈರ್ಯ ಜಾಸ್ತಿ ಇರುವವರೇ ತೂಗುಸೇತುವೆಗೆ ಹೋಗುತ್ತಾರೆ, ಅವರೇ ಫೋನನ್ನೂ ಮಾಡುತ್ತಾರೆ ಅಲ್ವಾ ಅಂತ ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಅದಕ್ಕೇ ಅವರು ಇನ್ನೊಮ್ಮೆ ಪ್ರಯೋಗ ಮಾಡಿ, ಸೇತುವೆ ದಾಟಿ ಸ್ವಲ್ಪ ಹೊತ್ತು ಸುಧಾರಿಸಿಕೊಂಡವರ ಜೊತೆ ಹೋಲಿಸಿದರು. ಆಗಲೂ ಸೇತುವೆ ಮೇಲೆ ಇದ್ದವರೇ ಹೆಚ್ಚು ಫೋನ್ ಮಾಡಿದರು. ಪ್ರಯೋಗ ಚಿಕ್ಕದು, ಅದರಿಂದ ಇಡೀ ಪ್ರೀತಿಯನ್ನೇ ವಿವರಿಸಲು ಹೊರಡಬಾರದು. ಆದರೆ ಮೈ ಮೊದಲು ಬಡಿದುಕೊಳ್ಳುತ್ತದೆ, ಮನಸ್ಸು ಆಮೇಲೆ ಕಾರಣ ಹುಡುಕುತ್ತದೆ ಎಂಬ ಮಾತು ಕಥೆಗಾರರಿಗೆ ಬಹಳ ಉಪಯೋಗದ್ದು. ಶಿರಸಿ ಹತ್ತಿರದ ಸಹಸ್ರಲಿಂಗದಲ್ಲಿ ಶಾಲ್ಮಲಾ ನದಿಗೆ ಕಟ್ಟಿದ ತೂಗುಸೇತುವೆ ಮೇಲೆ ನಡೆದವರಿಗೆ ಆ ಅಲುಗಾಟ ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

'ಇರಬಹುದು, ಇಲ್ಲದಿರಬಹುದು'

ಅತಿಯಾಗಿ ಯೋಚಿಸುವುದಕ್ಕೂ ಆಕರ್ಷಣೆಗೂ ನೇರ ಸಂಬಂಧ ಇದೆಯಾ? ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಎರಿನ್ ವಿಟ್‌ಚರ್ಚ್, ಟಿಮೊತಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. 47 ವಿದ್ಯಾರ್ಥಿನಿಯರಿಗೆ ಕೆಲವು ಹುಡುಗರ ಫೇಸ್‌ಬುಕ್ ಪುಟ ತೋರಿಸಿದರು. ಒಂದು ಗುಂಪಿಗೆ 'ಇವರಿಗೆ ನೀವು ತುಂಬಾ ಇಷ್ಟ ಆಗಿದ್ದೀರಿ' ಅಂದರು. ಇನ್ನೊಂದು ಗುಂಪಿಗೆ 'ಸಾಧಾರಣ ಇಷ್ಟ' ಅಂದರು. ಮೂರನೇ ಗುಂಪಿಗೆ 'ಎರಡರಲ್ಲಿ ಯಾವುದೂ ಇರಬಹುದು' ಅಂದರು. ಹುಡುಗರ ಮೇಲೆ ಅತಿ ಹೆಚ್ಚು ಆಕರ್ಷಣೆ ಆದದ್ದು ಮೂರನೇ ಗುಂಪಿಗೆ. ಆ ಹುಡುಗರ ಬಗ್ಗೆ ಹೆಚ್ಚು ಯೋಚಿಸಿದವರೂ ಅವರೇ.

ಅಂದರೆ ಗೊತ್ತಾಗದೆ ಇರುವುದೇ ಯೋಚನೆಗೆ ದಾರಿ. ಯೋಚಿಸಿದಷ್ಟೂ ಆ ವ್ಯಕ್ತಿ ಮನಸ್ಸಿನಲ್ಲಿ ಉಳಿಯುತ್ತಾರೆ. ಉಳಿದಷ್ಟೂ ಇಷ್ಟ ಆಗಿರಬೇಕು ಎಂದು ನಮಗೇ ಅನ್ನಿಸತೊಡಗುತ್ತದೆ. ಇನ್ನೊಬ್ಬರು ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಈ ಚಕ್ರ ತಿರುಗುತ್ತಲೇ ಇರುತ್ತದೆ. ಎರಡು ಗಂಟೆಯ ಬಸ್ ಪ್ರಯಾಣ ಇದಕ್ಕೆ ಬೇಕಾದಷ್ಟಾಯಿತು.

ಇದನ್ನು ತೆರೆಯ ಮೇಲೆ ತೋರಿಸುವುದು ಹೇಗೆ

ಯೋಚನೆಗೆ ರೂಪ ಇಲ್ಲ. ಕ್ಯಾಮೆರಾಕ್ಕೆ ಕಾಣುವುದು ಮುಖ ಮಾತ್ರ. ಆದರೆ ಸಿನಿಮಾಕ್ಕೆ ಇದು ಹಳೆಯ ಕಷ್ಟ, ಅದಕ್ಕೆ ಹಳೆಯ ಉತ್ತರವೂ ಇದೆ. ರಷ್ಯಾದ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆ ಮಾಡಿದ ಪ್ರಯೋಗವನ್ನು ಸಿನಿಮಾ ಕಲಿಯುವವರೆಲ್ಲ ಓದುತ್ತಾರೆ. ಒಬ್ಬ ನಟನ ಭಾವನೆಯೇ ಇಲ್ಲದ ಮುಖ. ಅದರ ಪಕ್ಕ ಒಂದು ಬಟ್ಟಲು ಸೂಪ್ ಜೋಡಿಸಿದರೆ ನೋಡುವವರಿಗೆ ಅವನು ಹಸಿದಂತೆ ಕಾಣುತ್ತಾನೆ. ಶವಪೆಟ್ಟಿಗೆ ಜೋಡಿಸಿದರೆ ದುಃಖಪಟ್ಟಂತೆ. ಹೆಣ್ಣೊಬ್ಬಳನ್ನು ಜೋಡಿಸಿದರೆ ಆಸೆಪಟ್ಟಂತೆ. ಮುಖ ಒಂದೇ. ಭಾವ ತುಂಬಿದವರು ನೋಡುಗರು.

ಬಸ್ಸಿನಲ್ಲಿ ಆ ಹುಡುಗ ಮಾಡುತ್ತಿರುವುದು ಇದೇ ಕೆಲಸ. ಅವಳು ಕಿಟಕಿ ಆಚೆ ನೋಡುತ್ತಿದ್ದಾಳೆ. ಆ ಮುಖದ ಪಕ್ಕ ಅವನು ಒಂದೊಂದೇ ಚಿತ್ರ ಜೋಡಿಸುತ್ತಾನೆ. ಹಾಗಾಗಿ ನಿರ್ದೇಶಕ ಹೆಚ್ಚು ಕಷ್ಟಪಡಬೇಕಿಲ್ಲ. ಅವಳ ಅದೇ ಶಾಟನ್ನು ಮೂರು ಸಲ ಬಳಸಲಿ. ಮೊದಲ ಸಲ, ಅವಳ ಮುಖ, ಆಮೇಲೆ ಕಿಟಕಿ ಗಾಜಿನಲ್ಲಿ ಮೂಡಿದ ಅವನ ಬಿಂಬ. ಎರಡನೇ ಸಲ, ಅದೇ ಮುಖ, ಆಮೇಲೆ ಅವನ ಮಾಸಿದ ಅಂಗಿತೋಳು. ಮೂರನೇ ಸಲ, ಅದೇ ಮುಖ, ಆಮೇಲೆ ಅವಳು ನಿಜಕ್ಕೂ ನೋಡುತ್ತಿದ್ದದ್ದು: ರಸ್ತೆ ಬದಿಯ ಬೋರ್ಡು, ಶಿರಸಿ ಇನ್ನೆಷ್ಟು ಕಿಲೋಮೀಟರ್ ಅಂತ. ಪ್ರೇಕ್ಷಕರೂ ಹುಡುಗನ ಜೊತೆ ಎರಡು ಸಲ ಮೋಸ ಹೋಗುತ್ತಾರೆ, ಮೂರನೇ ಸಲ ನಗುತ್ತಾರೆ. ಒಂದು ಮಾತೂ ಬೇಕಾಗುವುದಿಲ್ಲ.

ತಲೆಯೊಳಗಿನ ಮಾತಿಗೆ ಸಾಮಾನ್ಯವಾಗಿ ಹಿನ್ನೆಲೆ ಧ್ವನಿ ಬಳಸುತ್ತಾರೆ. ಬಹಳ ಚಿತ್ರಗಳಲ್ಲಿ ಅದು ಸಪ್ಪೆ ಆಗುತ್ತದೆ, ಯಾಕೆಂದರೆ ಮುಖ ಆಗಲೇ ಹೇಳಿದ್ದನ್ನೇ ಧ್ವನಿಯೂ ಹೇಳುತ್ತದೆ. ನಮ್ಮ ಜಿಲ್ಲೆಯಲ್ಲಿ ಚಿತ್ರ ಮಾಡುವವರು ಬೇರೆ ಕಡೆ ನೋಡಬೇಕಾಗಿಲ್ಲ, ಯಕ್ಷಗಾನ ನೋಡಿದರೆ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಪಾತ್ರದ ಒಳಗಿನ ತಳಮಳವನ್ನು ಹಾಡುವವರು ಭಾಗವತರು. ಪಾತ್ರಧಾರಿ ಅದಕ್ಕೆ ಕುಣಿಯುತ್ತಾನೆ, ಆಮೇಲೆ ಅರ್ಥ ಹೇಳುತ್ತಾನೆ. ಮನಸ್ಸು ಒಬ್ಬರ ಬಾಯಲ್ಲಿ, ಮೈ ಇನ್ನೊಬ್ಬರಲ್ಲಿ. ಇನ್ನು ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಕೂತಲ್ಲೇ ಮಾತು. ಒಂದು ಸಣ್ಣ ಸಂಶಯ ಹಿಡಿದು ಅರ್ಥಧಾರಿ ಅದನ್ನು ಎಷ್ಟು ಹೊತ್ತು ಬೇಕಾದರೂ ಬೆಳೆಸಬಲ್ಲ. ಅತಿಯಾಗಿ ಯೋಚಿಸುವ ಮನಸ್ಸು ಮಾಡುವುದೂ ಅದನ್ನೇ.

ಹುಡುಗನಿಗೂ ಹುಡುಗಿಗೂ ಸೇರಿ ಒಬ್ಬರೇ ಭಾಗವತರು ಇರಲಿ ಎಂದು ನಾನು ಹೇಳುತ್ತೇನೆ. ಬ್ಯಾಗು ತೆಗೆದದ್ದಕ್ಕೆ ಒಂದು ಪದ್ಯ. ಅವನ ಮೊಣಕೈ ತಾಗಿತೋ ಇಲ್ಲವೋ ಎಂಬ ಕಡೆ ಚಂಡೆ. ಅವಳು ಸೀನಿದಾಗ ಚಂಡೆ ತಟ್ಟನೆ ನಿಲ್ಲಲಿ, ಬರೀ ಇಂಜಿನ್ನಿನ ಸದ್ದು ಉಳಿಯಲಿ. ಹೊನ್ನಾವರ ಕಡೆ, 1934ರಲ್ಲಿ ಶುರುವಾದ ಕೆರೆಮನೆಯವರ ಇಡಗುಂಜಿ ಮೇಳದ ಆಟ ನೋಡುತ್ತಾ ಬೆಳೆದ ಪ್ರೇಕ್ಷಕರಿಗೆ ಈ ರೀತಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಪೆಟ್ಟಿಗೇ ಗೊತ್ತಾಗುತ್ತದೆ.

ಯಾರೋ ನೋಡುತ್ತಿದ್ದಾರೆ

ಗಿಲೋವಿಚ್ ತಂಡ 2000ದಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿತು. ಒಬ್ಬ ವಿದ್ಯಾರ್ಥಿಗೆ, ಹಾಕಿಕೊಳ್ಳಲು ಮುಜುಗರ ಆಗುವಂಥ ಟೀ ಶರ್ಟ್ ಹಾಕಿಸಿ ಜನ ಇರುವ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಶರ್ಟ್ ಹಾಕಿಕೊಂಡವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದವರು ಸುಮಾರು ನಾಲ್ಕರಲ್ಲಿ ಒಬ್ಬರು.

ಆದರೆ ಇದನ್ನು ನಮ್ಮೂರಿಗೆ ಹಾಗೇ ತರುವುದು ಸರಿಯಲ್ಲ. ಕಾಲೇಜಿನ ಕೋಣೆಯೇ ಬೇರೆ, ಶಿರಸಿ ಬಸ್ಸೇ ಬೇರೆ. ಇಲ್ಲಿ ಹಿಂದಿನ ಸೀಟಿನ ಅಜ್ಜಿ 'ಯಾರ ಮನೆ ಕೂಸು?' ಎಂದು ಕೇಳಿ, ಮೂರನೇ ಪ್ರಶ್ನೆಗೆ ಸಂಬಂಧ ಹುಡುಕಿ, ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಿಸಬಲ್ಲರು. ಹುಡುಗಿ ತಿರುಗಿ ಮಾತಾಡದೆ ಇದ್ದದ್ದಕ್ಕೆ ಅತಿಯೋಚನೆಯೊಂದೇ ಕಾರಣ ಅಂದರೆ ಅವಳಿಗೆ ಅನ್ಯಾಯ ಆಗುತ್ತದೆ. ಹುಡುಗ ಮಾತಾಡಿಸಿದರೆ ಅವನಿಗೆ ಆಗುವ ನಷ್ಟಕ್ಕಿಂತ ಅವಳು ಮಾತಾಡಿಸಿದರೆ ಅವಳಿಗೆ ಆಗುವ ನಷ್ಟ ದೊಡ್ಡದು. ಒಳ್ಳೆಯ ಚಿತ್ರ ಈ ತೂಕವನ್ನು ಮರೆಯಬಾರದು.

ಮೌನದಲ್ಲಿ ಪ್ರೀತಿಯನ್ನು ಓದುವುದರಲ್ಲಿ ಅಪಾಯವೂ ಇದೆ, ಅದನ್ನು ನೇರವಾಗಿ ಹೇಳಲೇಬೇಕು. ಆಂಟೋನಿಯಾ ಆ್ಯಬಿ ಎಂಬ ಸಂಶೋಧಕಿ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರಿಚಯವಿಲ್ಲದ ಒಬ್ಬ ಗಂಡು, ಒಬ್ಬ ಹೆಣ್ಣು ಐದು ನಿಮಿಷ ಮಾತಾಡಿದರು. ಇನ್ನೊಂದು ಜೋಡಿ ಅದನ್ನು ಮರೆಯಿಂದ ನೋಡಿತು. ಹೆಂಗಸರಿಗೆ ಸ್ನೇಹವಾಗಿ ಕಂಡ ಮಾತಿನಲ್ಲಿ ಗಂಡಸರಿಗೆ ಅದಕ್ಕಿಂತ ಹೆಚ್ಚಿನ ಆಸಕ್ತಿ ಕಂಡಿತು. ನಮ್ಮ ಸಿನಿಮಾಗಳು ಬಹಳ ಕಾಲ ಈ ತಪ್ಪು ಓದನ್ನೇ ಪ್ರೇಮ ಎಂದು ತೋರಿಸಿವೆ. ಅವಳು ಬೇಡ ಅಂದರೂ ಬೆನ್ನು ಹತ್ತುವವನೇ ನಾಯಕ. ಅದರಿಂದ ನೋವು ತಿಂದ ಹುಡುಗಿಯರು ಎಷ್ಟೋ. ಮೌನ ಎಂದರೆ ಭಯ ಇರಬಹುದು, ನಾಚಿಕೆ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಬ್ಯಾಗು ಬರೀ ಬ್ಯಾಗೇ ಆಗಿರಬಹುದು. ಚಿತ್ರದಲ್ಲಿ ಆ ಸಾಧ್ಯತೆ ಕೊನೆಯವರೆಗೂ ಜೀವಂತ ಇರಬೇಕು. ಇಲ್ಲದಿದ್ದರೆ ನಗು ಹೋಗಿ ಒತ್ತಾಯ ಉಳಿಯುತ್ತದೆ.

ಹಾಗಾದರೆ ಮಾತು ಶುರು ಆಗುವುದು ಹೇಗೆ

ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಶಿಕಾಗೋ ಕಡೆಯ ರೈಲು, ಬಸ್ಸುಗಳಲ್ಲಿ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಕೆಲವರಿಗೆ ಪಕ್ಕದ ಅಪರಿಚಿತರ ಜೊತೆ ಮಾತಾಡಿ ಎಂದರು, ಕೆಲವರಿಗೆ ಒಬ್ಬರೇ ಸುಮ್ಮನೆ ಇರಿ ಎಂದರು. ಮಾತಾಡಿದವರ ಪ್ರಯಾಣವೇ ಹೆಚ್ಚು ಖುಷಿಯಾಗಿತ್ತು. ಆದರೆ ಮೊದಲೇ ಊಹಿಸಿ ಎಂದಾಗ ಜನ ಇದಕ್ಕೆ ಉಲ್ಟಾ ಹೇಳಿದ್ದರು. ಪಕ್ಕದವರಿಗೆ ಮಾತಿನಲ್ಲಿ ಅಷ್ಟೇನೂ ಆಸಕ್ತಿ ಇರಲಾರದು ಎಂದು ಅಂದುಕೊಂಡಿದ್ದರು. ಇದು ಪ್ರೇಮದ ಅಧ್ಯಯನ ಅಲ್ಲ, ಬರೀ ಮಾತಿನದ್ದು. ನಮ್ಮ ಕಥೆಗೆ ಅಷ್ಟು ಸಾಕು.

ಮೊದಲ ಮಾತು ಚಂದದ್ದಾಗಿ ಇರಬೇಕಿಲ್ಲ. ಘಾಟಿ ಹತ್ತಿದ ಮೇಲೆ ಗಾಳಿ ತಣ್ಣಗಾಗುತ್ತದೆ. ರಾಗಿಹೊಸಳ್ಳಿ ಹತ್ತಿರ ಅವನು 'ಕಿಟಕಿ ಸ್ವಲ್ಪ ಹಾಕ್ತೀರಾ?' ಅನ್ನಲಿ. ಅವಳು ಎಳೆಯುತ್ತಾಳೆ, ಗಾಜು ಅರ್ಧಕ್ಕೇ ನಿಲ್ಲುತ್ತದೆ. 'ಇದು ಹೀಗೇ, ಇಲ್ಲಿಂದ ಮುಂದೆ ಹೋಗೋದಿಲ್ಲ.' 'ನೀವು ಈ ಬಸ್ಸಿಗೇ ಬರೋದಾ ಯಾವಾಗ್ಲೂ?' ಇಷ್ಟಕ್ಕೆ ಇಬ್ಬರ ತಲೆಯೊಳಗಿನ ಧ್ವನಿಯೂ ನಿಲ್ಲಲಿ. ಉಳಿದ ದಾರಿಯಲ್ಲಿ ಹೊರಗಿನ ಮಾತು ಮಾತ್ರ.

ಆದರೆ ಶಿರಸಿಯಲ್ಲಿ ಇಳಿದ ಮೇಲೆ ಆ ಧ್ವನಿ ಮತ್ತೆ ಶುರು ಆಗಬೇಕು. ಎರಿಕಾ ಬೂತ್‌ಬಿ ಮತ್ತು ಜೊತೆಗಾರರು 2018ರಲ್ಲಿ ತೋರಿಸಿದ್ದು ಇದನ್ನೇ. ಅಪರಿಚಿತರು ಮಾತಾಡಿ ಎದ್ದ ಮೇಲೆ ಇಬ್ಬರೂ 'ನಾನು ಅವರಿಗೆ ಅಷ್ಟೇನೂ ಇಷ್ಟ ಆಗಲಿಲ್ಲ' ಅಂದುಕೊಳ್ಳುತ್ತಾರೆ. ನಿಜದಲ್ಲಿ ಇಬ್ಬರೂ ಅಂದುಕೊಂಡದ್ದಕ್ಕಿಂತ ಹೆಚ್ಚು ಇಷ್ಟ ಆಗಿರುತ್ತಾರೆ. ಒಟ್ಟಿಗೆ ವಾಸ ಮಾಡುವ ಕಾಲೇಜು ವಿದ್ಯಾರ್ಥಿಗಳಲ್ಲೂ ಈ ಅಂತರ ತಿಂಗಳುಗಟ್ಟಲೆ ಉಳಿದಿತ್ತು. ಹಾಗಾಗಿ ಹನ್ನೊಂದನೇ ನಿಮಿಷದಲ್ಲಿ ಭಾಗವತರು ಮತ್ತೆ ತಾಳ ಎತ್ತಿಕೊಳ್ಳಲಿ. ಬಸ್‌ಸ್ಟ್ಯಾಂಡಿನ ಒಂದು ಬಾಗಿಲಲ್ಲಿ ಅವಳು, 'ಕಿಟಕಿ ಬಗ್ಗೆ ಅಷ್ಟೊಂದು ಮಾತಾಡಬಾರದಿತ್ತು.' ಇನ್ನೊಂದು ಬಾಗಿಲಲ್ಲಿ ಅವನು, 'ಯಾವಾಗ್ಲೂ ಈ ಬಸ್ಸಿಗೇ ಬರೋದಾ ಅಂತ ಯಾಕೆ ಕೇಳಿದೆ? ನಾಳೆಯೂ ಬಂದರೆ ಏನಂದುಕೊಳ್ತಾಳೆ?'